ಮೋಡದ ಮೇಲೆ ಅಜ್ಜನ ಹರಿಗೋಲು: ಜೋಡಿಸಿದ ಚಿತ್ರ ಅಂಟಿಸಿದ ಹಾಗೆ ಯಾಕೆ ಕಾಣುತ್ತದೆ?

ಪ್ರಶ್ನೆ: ನಮ್ಮದು ಹೊಸಪೇಟೆ ಹತ್ತಿರದ ಊರು. ನಮ್ಮಜ್ಜ ವಯಸ್ಸಿನಲ್ಲಿದ್ದಾಗ ತುಂಗಭದ್ರೆಯಲ್ಲಿ ಹರಿಗೋಲು ನಡೆಸುತ್ತಿದ್ದರು. ಈಗ ಮೊಣಕಾಲು ನೋವು, ಹೊಳೆ ಕಡೆ ಹೋಗೋಕೆ ಆಗಲ್ಲ. ಅವರು ಮೋಡಗಳ ಮೇಲೆ ಹರಿಗೋಲು ನಡೆಸುವ ಹಾಗೆ ಒಂದು ಚಿತ್ರ ಮಾಡಬೇಕು ಅಂತ ನನಗೆ ಆಸೆ. ಹಂಪಿಯ ಚಕ್ರತೀರ್ಥದಲ್ಲಿ ತೆಗೆದ ಹರಿಗೋಲಿನ ಫೋಟೊ, ನಂದಿ ಬೆಟ್ಟದ ಮೋಡದ ಫೋಟೊ, ಮನೆ ಅಂಗಳದಲ್ಲಿ ತೆಗೆದ ಅಜ್ಜನ ಫೋಟೊ, ಮೂರನ್ನೂ ಸೇರಿಸಿದ್ದೇನೆ. ವಿಡಿಯೊ ನೋಡಿ ಕತ್ತರಿಸೋದು ಕಲಿತೆ, ಅದು ನೀಟಾಗಿಯೇ ಬಂದಿದೆ. ಆದರೂ ಅಂಟಿಸಿದ ಹಾಗೇ ಕಾಣುತ್ತೆ. ಯಾವ ಸಾಫ್ಟ್‌ವೇರ್ ಬೇಕು? ಕೋರ್ಸ್ ಸೇರಬೇಕಾ? ಈಗ ಎಐ ಒಂದು ನಿಮಿಷದಲ್ಲಿ ಮಾಡಿಕೊಡುತ್ತೆ ಅಂತಾರೆ. ಹಾಗಾದರೆ ಇದನ್ನೆಲ್ಲ ಕಲಿಯೋದು ವ್ಯರ್ಥವಾ?

ಉತ್ತರ: ನಿಮ್ಮ ಕತ್ತರಿಸುವ ಕೆಲಸ ನಿಜವಾಗಿಯೂ ಚೆನ್ನಾಗಿದೆ. ಅಜ್ಜನ ಹೆಗಲ ಮೇಲಿನ ಟವೆಲ್ಲಿನ ಎಳೆಗಳು ಕೂಡ ಉಳಿದಿವೆ. ಹಾಗಾಗಿ ಇನ್ನೂ ನೀಟಾಗಿ ಕತ್ತರಿಸೋದು ಹೇಗೆ ಅಂತ ಇನ್ನೊಂದು ವಿಡಿಯೊ ಹುಡುಕಬೇಡಿ. ತೊಂದರೆ ಆಗಿರುವುದು ಫೋಟೊಗಳು ಕಂಪ್ಯೂಟರಿಗೆ ಬರುವ ಮೊದಲೇ. ಮೂರು ಫೋಟೊಗಳನ್ನು ಮೂರು ಬೇರೆ ಎತ್ತರದಿಂದ, ಮೂರು ಬೇರೆ ಬೆಳಕಿನಲ್ಲಿ ತೆಗೆದಿದ್ದೀರಿ.

ಹರಿಗೋಲು ಮೋಡದ ಮೇಲೆ ಹೋಗುವುದನ್ನು ನೋಡುವವರು ಸಂತೋಷವಾಗಿ ಒಪ್ಪಿಕೊಳ್ಳುತ್ತಾರೆ. ಕತೆ ಕೇಳಿ ಬೆಳೆದವರು ನಾವು, ಹಾರುವ ಹರಿಗೋಲು ನಮಗೆ ದೊಡ್ಡ ವಿಷಯವೇ ಅಲ್ಲ. ಆದರೆ ಅಜ್ಜನ ಮುಖದ ಮೇಲೆ ನೆತ್ತಿಯ ಬಿಸಿಲು, ಅವರ ಕೆಳಗಿನ ಮೋಡದ ಮೇಲೆ ಬೆಳಗಿನ ಎಳೆಬಿಸಿಲು ಇದ್ದರೆ ಕಣ್ಣು ಒಪ್ಪುವುದಿಲ್ಲ. ಏನು ತಪ್ಪು ಅಂತ ಹೇಳೋಕೆ ಬರದವರು ಕೂಡ ‘ಏನೋ ಸರಿ ಇಲ್ಲ’ ಅನ್ನುತ್ತಾರೆ. ಕಲ್ಪನೆ ಎಷ್ಟು ದೊಡ್ಡದೋ ಬೆಳಕು ಅಷ್ಟೇ ಪ್ರಾಮಾಣಿಕವಾಗಿರಬೇಕು. ನಾನು ಇಷ್ಟು ವರ್ಷ ಈ ಕೆಲಸದಲ್ಲಿ ಕಲಿತದ್ದು ಮುಖ್ಯವಾಗಿ ಇದೊಂದೇ.

ಮೊದಲು ಎತ್ತರದ ವಿಷಯ ನೋಡೋಣ. ಅಡುಗೆಮನೆಯಿಂದ ಒಂದು ಊಟದ ತಟ್ಟೆ ತಂದು ಮೇಜಿನ ಮೇಲಿಡಿ. ನಿಂತು ನೋಡಿ. ತಟ್ಟೆಯ ಅಂಚು ಅಗಲವಾದ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ನಿಧಾನಕ್ಕೆ ಮೊಣಕಾಲೂರಿ ಕೆಳಗೆ ಬನ್ನಿ. ಮೊಟ್ಟೆಯಾಕಾರ ಚಪ್ಪಟೆಯಾಗುತ್ತಾ ಬರುತ್ತದೆ. ಕಣ್ಣು ಮೇಜಿನ ಮಟ್ಟಕ್ಕೆ ಬಂದಾಗ ಬರೀ ಒಂದು ಗೆರೆ ಉಳಿಯುತ್ತದೆ. ಹರಿಗೋಲಿನ ಬಾಯಿಯೂ ಒಂದು ದೊಡ್ಡ ತಟ್ಟೆಯೇ ಅಲ್ವಾ? ಅದರ ಆಕಾರ ನೋಡಿದರೆ ಕ್ಯಾಮೆರಾ ಎಷ್ಟು ಮೇಲಿನಿಂದ ನೋಡಿತ್ತು ಅಂತ ಲೆಕ್ಕವೇ ಹಾಕಬಹುದು. ಬಾಯಿಯ ಎತ್ತರ ಅದರ ಅಗಲದ ಅರ್ಧ ಇದ್ದರೆ ಕ್ಯಾಮೆರಾ 30 ಡಿಗ್ರಿ ಮೇಲಿನಿಂದ ನೋಡಿದೆ ಅಂತ ಅರ್ಥ. ಅಗಲದ ಆರರಲ್ಲಿ ಒಂದು ಪಾಲು ಇದ್ದರೆ ಸುಮಾರು 10 ಡಿಗ್ರಿ.

ನಿಮ್ಮ ಹರಿಗೋಲನ್ನು ಅಳೆದು ನೋಡಿದೆ. ಎತ್ತರ ಅಗಲದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ನೀವು ಚಕ್ರತೀರ್ಥದ ಬಂಡೆ ಮೇಲೆ ನಿಂತು ಕೆಳಗೆ ನೋಡಿ ತೆಗೆದಿದ್ದೀರಿ. ಆದರೆ ಚಿತ್ರದಲ್ಲಿ ಅದನ್ನು ಇಟ್ಟಿರುವುದು ಎಲ್ಲಿ? ದೂರದಲ್ಲಿ, ಬಾನಂಚಿನ ಹತ್ತಿರ. ಬಾನಂಚಿನ ಹತ್ತಿರ ಇರುವ ಯಾವ ತಟ್ಟೆಯೂ ಅಷ್ಟು ಬಾಯಿ ತೆರೆದು ಕಾಣುವುದಿಲ್ಲ. ಅಲ್ಲಿ ಅದು ತೆಳು ಗೆರೆಯಾಗಬೇಕು. ಹಾಗಾಗಿಯೇ ನಿಮ್ಮ ಹರಿಗೋಲು ನಮ್ಮ ಕಡೆಗೆ ವಾಲಿ ಇನ್ನೇನು ಮಗುಚುತ್ತದೆ ಅನ್ನುವ ಹಾಗೆ ಕಾಣುತ್ತಿದೆ. ಇದಕ್ಕೆ ಎರಡು ದಾರಿ ಇದೆ. ಅದೇ ಹರಿಗೋಲನ್ನು ದೊಡ್ಡದು ಮಾಡಿ ಚಿತ್ರದ ಕೆಳಭಾಗಕ್ಕೆ, ನೋಡುವವರ ಹತ್ತಿರಕ್ಕೆ ತನ್ನಿ. ನಿಮ್ಮ ಮೋಡದ ಫೋಟೊದಲ್ಲಿ ಬಾನಂಚು ಮೇಲಿನ ಮೂರನೇ ಒಂದು ಭಾಗದಲ್ಲಿದೆ. ಫೋನಿನ ಸಾಮಾನ್ಯ ಲೆನ್ಸಿನಷ್ಟು ಅಗಲ ನೋಡುವ ಕ್ಯಾಮೆರಾದಲ್ಲಿ ಹೀಗೆ ಅಡ್ಡಲಾಗಿ ತೆಗೆದರೆ ಕೆಳ ಅಂಚಿನ ಹತ್ತಿರದ ಮೋಡವನ್ನು ಸುಮಾರು 30 ಡಿಗ್ರಿ ಮೇಲಿನಿಂದ ನೋಡಿದ ಹಾಗಾಗುತ್ತದೆ. ಅಲ್ಲಿ ನಿಮ್ಮ ಹರಿಗೋಲು ಸರಿಯಾಗಿ ಕೂರುತ್ತದೆ. ದೂರದಲ್ಲೇ ಇರಬೇಕು ಅನ್ನುವುದಾದರೆ ನೀರಿನ ಮಟ್ಟಕ್ಕೆ ಇಳಿದು ಮತ್ತೊಮ್ಮೆ ತೆಗೆಯಿರಿ. ನನಗೆ ಕೇಳಿದರೆ ಹತ್ತಿರವೇ ಇರಲಿ. ಅಜ್ಜನ ಮುಖ ಕಾಣಬೇಕಲ್ಲ.

ಮನುಷ್ಯರ ವಿಷಯಕ್ಕೂ ಇದೇ ಲೆಕ್ಕ. ಸಮತಟ್ಟಾದ ನೆಲದಲ್ಲಿ ಕ್ಯಾಮೆರಾ ನಿಮ್ಮ ಎದೆ ಮಟ್ಟದಲ್ಲಿದ್ದರೆ, ನಿಮ್ಮಷ್ಟೇ ಎತ್ತರದ ಎಲ್ಲರ ಎದೆಯ ಹತ್ತಿರವೇ ಬಾನಂಚಿನ ಗೆರೆ ಹಾದುಹೋಗುತ್ತದೆ, ಅವರು ಹತ್ತಿರ ನಿಂತಿರಲಿ, ದೂರ ನಿಂತಿರಲಿ. ಇದೊಂದು ಗೊತ್ತಿದ್ದರೆ ಯಾರನ್ನು ಎಷ್ಟು ದೊಡ್ಡದು ಮಾಡಬೇಕು ಅಂತ ಅಂದಾಜಿನಲ್ಲಿ ಒದ್ದಾಡಬೇಕಾಗಿಲ್ಲ.

ಈಗ ಬೆಳಕು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಿಮ್ಮ ಚಿತ್ರ ಉಳಿಯುವುದೂ ಹಾಳಾಗುವುದೂ ಇಲ್ಲೇ.

ಮೋಡದ ಫೋಟೊದಲ್ಲಿ ಸೂರ್ಯ ಎಡಕ್ಕಿದ್ದಾನೆ, ಕೆಳಗಿದ್ದಾನೆ. ಬೆಳಕು ಹಳದಿಯಾಗಿದೆ. ಅಜ್ಜನ ಫೋಟೊ ತೆಗೆದದ್ದು ನಡು ಮಧ್ಯಾಹ್ನ. ಅವರ ಹುಬ್ಬಿನ ಕೆಳಗೆ ಕಣ್ಣೇ ಕಾಣದ ಹಾಗೆ ನೆರಳು ಬಿದ್ದಿದೆ. ಮೂಗಿನ ನೆರಳು ತುಟಿಯ ಮೇಲಿದೆ. ನಮ್ಮ ನಾಡಿನಲ್ಲಿ ಬೇಸಿಗೆಯ ಸೂರ್ಯ ನೆತ್ತಿಗೇ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರುತ್ತದೆ. ಅವತ್ತು ನಡು ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ನಿಮ್ಮ ಕಡೆ ಅದಕ್ಕೆ ಒಂದು ವಾರ ಆಚೆ. ಇಂಥ ಬಿಸಿಲಿನಲ್ಲಿ ತೆಗೆದ ಮುಖಕ್ಕೆ ಬೆಳಗಿನ ಬಣ್ಣ ಹಚ್ಚಬಹುದು. ಬೆಳಗಿನ ಬೆಳಕು ಹಚ್ಚೋಕೆ ಆಗಲ್ಲ. ಬಣ್ಣವನ್ನು ಸ್ಲೈಡರ್ ಬದಲಿಸುತ್ತದೆ. ನೆರಳಿನ ದಿಕ್ಕನ್ನು ಬಣ್ಣದ ಯಾವ ಸ್ಲೈಡರ್ ಕೂಡ ಬದಲಿಸುವುದಿಲ್ಲ.

ಇದು ನನಗೆ ಗೊತ್ತಾದದ್ದು ಒಂದು ಸ್ಟುಡಿಯೊದಲ್ಲಿ ಕೆಲಸ ಕಲಿಯುವಾಗ. ಒಬ್ಬ ತಾಯಿ ಬಂದು, ತೀರಿಕೊಂಡ ಗಂಡನ ಫೋಟೊವನ್ನು ಮಕ್ಕಳ ಜೊತೆ ನಿಂತ ಹಾಗೆ ಸೇರಿಸಿಕೊಡಿ ಅಂದರು. ನಾನು ಮೂರು ದಿನ ಕೂತು ಕತ್ತರಿಸಿ ಜೋಡಿಸಿದೆ. ಅವರು ನೋಡಿ, ಒಂದು ನಿಮಿಷ ಸುಮ್ಮನಿದ್ದು, ‘ಇವರು ನಮ್ಮ ಜೊತೆ ನಿಂತಿಲ್ಲ’ ಅಂದರು. ಎಲ್ಲರ ಮುಖಕ್ಕೆ ಬಲದಿಂದ ಬೆಳಕು ಬಿದ್ದಿತ್ತು, ಅವರ ಗಂಡನ ಮುಖಕ್ಕೆ ಎಡದಿಂದ. ಆಮೇಲೆ ಅವರ ಮನೆಯ ಆಲ್ಬಮ್ ಪೂರ್ತಿ ತಿರುವಿ ಬಲದ ಬೆಳಕಿರುವ ಇನ್ನೊಂದು ಫೋಟೊ ಹುಡುಕಿದೆವು. ಅದನ್ನು ಜೋಡಿಸಲು ಒಂದು ಗಂಟೆಯೂ ಬೇಕಾಗಲಿಲ್ಲ.

ಹಾಗಾಗಿ ಅಜ್ಜನ ಫೋಟೊ ಮತ್ತೆ ತೆಗೆಯಿರಿ. ಬೆಳಿಗ್ಗೆ ಏಳರೊಳಗೆ ತಾರಸಿ ಮೇಲೋ ಅಂಗಳದಲ್ಲೋ ಒಂದು ಸ್ಟೂಲ್ ಹಾಕಿ ಕೂರಿಸಿ. ಸೂರ್ಯ ನಿಮ್ಮ ಎಡಕ್ಕಿರಲಿ, ಮೋಡದ ಫೋಟೊದಲ್ಲಿ ಇರುವ ಹಾಗೆ. ಕ್ಯಾಮೆರಾ ಅವರ ತಲೆಗಿಂತ ಮೇಲಿರಲಿ, ಹರಿಗೋಲನ್ನು ನೋಡಿದ್ದೂ ಮೇಲಿನಿಂದ ತಾನೇ? ಆಮೇಲೆ ಹೆಚ್ಚಿನವರು ಮರೆಯುವ ಒಂದು ಕೆಲಸ ಇದೆ. ಸ್ಟೂಲಿನ ಸುತ್ತ ಒಂದು ಬಿಳಿ ಬೆಡ್‌ಶೀಟ್ ಹಾಸಿ. ಮೋಡದ ಮೇಲೆ ಇರುವವರಿಗೆ ಬೆಳಕು ಬರೀ ಮೇಲಿನಿಂದ ಬರುವುದಿಲ್ಲ. ಕೆಳಗಿನ ಬಿಳಿ ಮೋಡ ಕೂಡ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಗಲ್ಲದ ಅಡಿ, ಮೂಗಿನ ಅಡಿ, ಪಂಚೆಯ ಮಡಿಕೆಗಳ ಒಳಗೆ ಮೆತ್ತಗಿನ ಬೆಳಕು ತುಂಬುತ್ತದೆ. ಮಣ್ಣಿನ ಅಂಗಳದಲ್ಲಿ ತೆಗೆದ ನಿಮ್ಮ ಫೋಟೊದಲ್ಲಿ ಅಲ್ಲೆಲ್ಲ ಕೆಂಪು ಛಾಯೆ ಇದೆ, ನೆಲದ ಬಣ್ಣ ಮೇಲಕ್ಕೆ ಹೊಡೆದಿದೆ. ಬೆಡ್‌ಶೀಟ್ ಹಾಸಿ, ಹಾಸದೆ, ಎರಡೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಆ ವ್ಯತ್ಯಾಸ ಒಮ್ಮೆ ಕಣ್ಣಿಗೆ ಬಿತ್ತು ಅಂದರೆ ಆಮೇಲೆ ಎಲ್ಲ ಕಡೆ ಅದೇ ಕಾಣುತ್ತದೆ. ಬಸ್ಸಿನಲ್ಲಿ ಕೂತಾಗ ಎದುರಿನವರ ಸೀರೆಯ ಬಣ್ಣ ಅವರ ಗಲ್ಲದ ಮೇಲೆ ಬಿದ್ದಿರುವುದು ಕೂಡ ಕಾಣುತ್ತದೆ.

ಹರಿಗೋಲಿಗೂ ಅದೇ ಬೆಳಕು ಬೇಕು. ಹಂಪಿಗೆ ಬೆಳಿಗ್ಗೆ ಹೋಗಿ ತೆಗೆದರೆ ಬಹಳ ಒಳ್ಳೆಯದು, ನಿಮಗೆ ದೂರವೇನಲ್ಲ. ಆಗದಿದ್ದರೆ ಒಂದು ಮನೆಯ ಉಪಾಯ ಹೇಳುತ್ತೇನೆ. ಹರಿಗೋಲು ಅಂದರೆ ದೊಡ್ಡ ಬಿದಿರಿನ ಬುಟ್ಟಿಯೇ. ಸಣ್ಣ ಹೆಣಿಗೆಯ ಒಂದು ಬುಟ್ಟಿ ತೆಗೆದುಕೊಳ್ಳಿ. ಹಳೆ ದಿಂಬಿನ ಹತ್ತಿ ಹರಡಿ, ಬುಟ್ಟಿಯನ್ನು ಅದರಲ್ಲಿ ಸ್ವಲ್ಪ ಹುದುಗಿಸಿ ಬೆಳಗಿನ ಬಿಸಿಲಿಗೆ ಇಡಿ. ಬುಟ್ಟಿ ಮತ್ತು ಹತ್ತಿ ಸೇರುವ ಕಡೆ ಬೀಳುವ ನೆರಳು, ಹತ್ತಿಯಿಂದ ಬುಟ್ಟಿಯ ಹೊಟ್ಟೆಗೆ ಬರುವ ಬೆಳಕು ಎರಡೂ ನಿಮಗೆ ಪುಕ್ಕಟೆ ಸಿಗುತ್ತದೆ. ಒಂದು ಎಚ್ಚರಿಕೆ ಇದೆ. ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆದರೆ ಹಿಂದಿನ ಅಂಚು ಮಸುಕಾಗುತ್ತದೆ. ಆ ಮಸುಕು ನೋಡಿದ ತಕ್ಷಣ ಇದು ಆಟಿಕೆ ಅಂತ ಗೊತ್ತಾಗಿಬಿಡುತ್ತದೆ. ಹಿಂದೆ ಸರಿದು ತೆಗೆದು, ಆಮೇಲೆ ಬೇಕಾದಷ್ಟು ಭಾಗ ಕತ್ತರಿಸಿಕೊಳ್ಳಿ. ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಬದಲಿಸುವ ಸೌಲಭ್ಯ ಇದ್ದರೆ f/11ರ ಸುಮಾರಿಗೆ ಇಡಿ.

ಸಾಫ್ಟ್‌ವೇರ್ ಬಗ್ಗೆ ಈಗ ಹೇಳಬಹುದು. ಫೋಟೊಶಾಪ್ 1990ರಲ್ಲಿ ಬಂತು. ಲೇಯರ್, ಅಂದರೆ ಚಿತ್ರಗಳನ್ನು ಪಾರದರ್ಶಕ ಹಾಳೆಗಳ ಹಾಗೆ ಒಂದರ ಮೇಲೊಂದು ಇಡುವ ಸೌಲಭ್ಯ, ಅದಕ್ಕೆ ಸೇರಿದ್ದು 1994ರಲ್ಲಿ, ಮೂರನೇ ಆವೃತ್ತಿಯಲ್ಲಿ. ನಿಮ್ಮ ಕೆಲಸಕ್ಕೆ ಬೇಕಾದ್ದು ಈ ಲೇಯರ್, ಅದರ ಜೊತೆ ಮಾಸ್ಕ್, ಬ್ಲೆಂಡ್ ಮೋಡ್ (ಮೇಲಿನ ಲೇಯರ್ ಕೆಳಗಿನದರ ಜೊತೆ ಬೆರೆಯುವ ರೀತಿ) ಮತ್ತು ಕರ್ವ್ಸ್ (ಗೆರೆ ಎಳೆದು ಬೆಳಕು, ಕಪ್ಪು ಹೆಚ್ಚು ಕಡಿಮೆ ಮಾಡುವ ಸಾಧನ). ಇವು ಇವತ್ತು ಎಲ್ಲ ಕಡೆ ಇವೆ. ತಿಂಗಳು ತಿಂಗಳು ದುಡ್ಡು ಕಟ್ಟೋಕೆ ಆಗದಿದ್ದರೆ ಜಿಂಪ್ ಉಚಿತ. 2025ರಲ್ಲಿ ಬಂದ ಅದರ 3.0 ಆವೃತ್ತಿಯಲ್ಲಿ ಫಿಲ್ಟರ್ ಹಾಕಿದ ಮೇಲೂ ಅದನ್ನು ಬದಲಿಸಬಹುದು, ತೆಗೆಯಬಹುದು. ಫೋಟೊಪಿಯಾ ಬ್ರೌಸರಿನಲ್ಲೇ ನಡೆಯುತ್ತದೆ, ಫೋಟೊಶಾಪ್ ಫೈಲುಗಳನ್ನೂ ತೆರೆಯುತ್ತದೆ. ಫೋನಿನಲ್ಲೇ ಮಾಡುತ್ತೇನೆ ಅಂದರೆ ಸ್ನ್ಯಾಪ್‌ಸೀಡ್ ಅಭ್ಯಾಸಕ್ಕೆ ಸಾಕು, ಆದರೆ ಈ ಚಿತ್ರಕ್ಕೆ ದೊಡ್ಡ ಪರದೆ ಬೇಕು. ಒಂದನ್ನು ಆರಿಸಿಕೊಂಡು ಆರು ತಿಂಗಳು ಬದಲಿಸಬೇಡಿ.

ಮಾಸ್ಕ್ ಬಗ್ಗೆ ಒಂದು ಮಾತು. ನೀವು ಇರೇಸರ್‌ನಲ್ಲಿ ಅಳಿಸಿ ಅಳಿಸಿ ಕತ್ತರಿಸಿದ್ದೀರಿ. ಅಳಿಸಿದ್ದು ಮತ್ತೆ ಬರುವುದಿಲ್ಲ. ಮಾಸ್ಕ್‌ನಲ್ಲಿ ಅಳಿಸುವುದೇ ಇಲ್ಲ, ಮರೆ ಮಾಡುತ್ತೀರಿ. ಬಿಳಿ ಬಳಿದ ಕಡೆ ಕಾಣುತ್ತದೆ, ಕಪ್ಪು ಬಳಿದ ಕಡೆ ಮರೆಯಾಗುತ್ತದೆ, ಬೂದು ಬಳಿದರೆ ಅರ್ಧ ಕಾಣುತ್ತದೆ. ಆ ಬೂದು ಬಣ್ಣವೇ ನಿಮಗೆ ಬೇಕಾದ್ದು. ಮೋಡಕ್ಕೆ ಅಂಚು ಅಂತ ಇಲ್ಲ, ಅದು ಕರಗುತ್ತದೆ. ಮೋಡದ ಲೇಯರನ್ನು ನಕಲು ಮಾಡಿ ಹರಿಗೋಲಿನ ಮೇಲೆ ತನ್ನಿ. ಪೂರ್ತಿ ಕಪ್ಪು ಮಾಸ್ಕ್ ಹಾಕಿ. ಆಮೇಲೆ ಮೆತ್ತನೆಯ ಬ್ರಷ್ ಹಿಡಿದು, ಫ್ಲೋ, ಅಂದರೆ ಬಣ್ಣ ಎಷ್ಟು ಬೀಳಬೇಕು ಅನ್ನುವುದನ್ನು, 10ರ ಆಸುಪಾಸಿನಲ್ಲಿಟ್ಟು, ಹರಿಗೋಲಿನ ತಳದ ಹತ್ತಿರ ಸ್ವಲ್ಪ ಸ್ವಲ್ಪ ಬಿಳಿ ಬಳಿಯುತ್ತಾ ಬನ್ನಿ. ತಳ ಮೋಡದಲ್ಲಿ ಮುಳುಗುತ್ತದೆ. ಈಗ ನಿಮ್ಮ ಚಿತ್ರದಲ್ಲಿ ಹರಿಗೋಲು ಮೋಡದ ಮೇಲೆ ಇಟ್ಟ ಹಾಗಿದೆ. ಮೋಡದ ಒಳಗೆ ಇರಬೇಕು.

ಇನ್ನೂ ಸ್ವಲ್ಪ ಹಬೆ ಬೇಕು ಅನ್ನಿಸಿದರೆ ಇಡ್ಲಿ ಪಾತ್ರೆ ಇದೆಯಲ್ಲ! ಹಿಂದೆ ಒಂದು ಕಪ್ಪು ಬಟ್ಟೆ ಕಟ್ಟಿ, ಪಕ್ಕದಿಂದ ಟಾರ್ಚ್ ಬಿಟ್ಟು, ಏಳುವ ಹಬೆಯ ಇಪ್ಪತ್ತು ಫೋಟೊ ತೆಗೆಯಿರಿ. ಚಿತ್ರಕ್ಕೆ ತಂದು ಬ್ಲೆಂಡ್ ಮೋಡ್ ಅನ್ನು ಸ್ಕ್ರೀನ್ ಅಂತ ಬದಲಿಸಿ. ಕಪ್ಪೆಲ್ಲ ಮಾಯವಾಗಿ ಹಬೆ ಮಾತ್ರ ಉಳಿಯುತ್ತದೆ. ಕತ್ತರಿಸುವ ಕೆಲಸವೇ ಇಲ್ಲ. ಇದಕ್ಕೆ ಉಲ್ಟಾ ಇರುವುದು ಮಲ್ಟಿಪ್ಲೈ. ಅದರಲ್ಲಿ ಬಿಳಿ ಮಾಯವಾಗಿ ಕಪ್ಪು ಉಳಿಯುತ್ತದೆ. ಬಿಳಿ ಆಕಾಶದ ಮುಂದಿನ ಬೋಳು ಮರ, ಹಾರುವ ಕೂದಲು, ಹಕ್ಕಿಗಳ ಸಾಲು ಇದರಲ್ಲಿ ಸುಲಭವಾಗಿ ಕೂರುತ್ತವೆ. ಒಂದೊಂದು ಕೂದಲನ್ನೂ ಕತ್ತರಿಸಿ ರಾತ್ರಿ ಕಳೆಯುವವರನ್ನು ನೋಡಿ ನನಗೆ ಸಂಕಟವಾಗುತ್ತದೆ. ಬಿಳಿ ಗೋಡೆಯ ಮುಂದೆ ನಿಲ್ಲಿಸಿ ತೆಗೆದಿದ್ದರೆ ಹತ್ತು ನಿಮಿಷದ ಕೆಲಸ ಅದು.

ನೆರಳನ್ನು ಎಲ್ಲರೂ ಒಂದೇ ಕಪ್ಪಿನಲ್ಲಿ, ಒಂದೇ ಮಸುಕಿನಲ್ಲಿ ಬಳಿಯುತ್ತಾರೆ. ನೀವೂ ಹಾಗೇ ಮಾಡಿದ್ದೀರಿ. ನಿಮ್ಮ ಕೈ ಗೋಡೆಗೆ ತಾಗಿಸಿ ನೆರಳು ನೋಡಿ, ಅಂಚು ಚೂಪಾಗಿರುತ್ತದೆ. ಕೈಯನ್ನು ದೂರ ತನ್ನಿ, ಅಂಚು ಮಸುಕಾಗುತ್ತದೆ. ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದಕ್ಕೇ ಹೀಗಾಗುತ್ತದೆ. ಗೋಡೆಯಿಂದ ಒಂದು ಮೀಟರ್ ದೂರದಲ್ಲಿರುವ ವಸ್ತುವಿನ ನೆರಳಿನ ಅಂಚು ಸುಮಾರು ಒಂದು ಸೆಂಟಿಮೀಟರ್ ಮಸುಕಾಗಿರುತ್ತದೆ. ಅಂದರೆ ಅಜ್ಜನ ಪಾದ ಹರಿಗೋಲಿಗೆ ತಾಗುವ ಕಡೆ ನೆರಳು ಗಾಢವಾಗಿ, ಚೂಪಾಗಿ ಇರಬೇಕು. ತಲೆಯ ನೆರಳು ಮೆತ್ತಗಿರಬೇಕು. ಮೋಡದ ಮೇಲೆ ಬೀಳುವ ನೆರಳಂತೂ ಕಪ್ಪಾಗಿರುವುದೇ ಇಲ್ಲ. ಅದಕ್ಕೆ ಆಕಾಶದ ನೀಲಿ ಬೆಳಕು ತಾಗುತ್ತಿರುತ್ತದೆ, ಮೋಡದ ಒಳಗೂ ಬೆಳಕು ಹರಡಿರುತ್ತದೆ. ಬ್ರಷ್‌ಗೆ ಕಪ್ಪು ಹಾಕಬೇಡಿ. ಮೋಡದ ನೆರಳಿನ ಭಾಗದಿಂದಲೇ ಬಣ್ಣ ತೆಗೆದುಕೊಂಡು ಅದನ್ನೇ ಮಲ್ಟಿಪ್ಲೈನಲ್ಲಿ ಬಳಿಯಿರಿ.

ದೂರದ ವಸ್ತುಗಳ ಕಪ್ಪು ಕೂಡ ಕಪ್ಪಲ್ಲ. ಸೊಂಡೂರಿನ ಗುಡ್ಡಗಳ ಸಾಲನ್ನು ನೆನಪಿಸಿಕೊಳ್ಳಿ. ಹತ್ತಿರದ ಗುಡ್ಡ ಹಸಿರು, ಅದರ ಹಿಂದಿನದು ನೀಲಿ, ಅದರಾಚೆಯದು ಆಕಾಶಕ್ಕಿಂತ ಒಂದು ಚೂರು ಗಾಢ, ಅಷ್ಟೇ. ನಡುವಿನ ಗಾಳಿ ಬೆಳಕನ್ನು ಚದುರಿಸಿ ಕಪ್ಪಿನ ಮೇಲೆ ಒಂದು ಪರದೆ ಎಳೆಯುತ್ತದೆ. ನಿಮ್ಮ ಹರಿಗೋಲಿನ ಒಳಗಿನ ಕಪ್ಪನ್ನು, ಅದೇ ದೂರದಲ್ಲಿರುವ ಮೋಡದ ಅತಿ ಗಾಢ ಭಾಗದ ಜೊತೆ ಹೋಲಿಸಿ. ಹರಿಗೋಲು ಇದ್ದಿಲಿನ ಹಾಗಿದೆ. ಕರ್ವ್ಸ್‌ನಲ್ಲಿ ಎಡ ಮೂಲೆಯ ಚುಕ್ಕಿಯನ್ನು ಸ್ವಲ್ಪ ಮೇಲಕ್ಕೆತ್ತಿ, ನೀಲಿ ಚಾನೆಲ್‌ನಲ್ಲಿ ಇನ್ನೊಂದು ಚೂರು ಜಾಸ್ತಿ ಎತ್ತಿ. ಎಷ್ಟು ಅಂತ ಹೇಗೆ ಗೊತ್ತಾಗುತ್ತದೆ? ಎಲ್ಲದರ ಮೇಲೆ ಒಂದು ಕಪ್ಪು-ಬಿಳುಪು ಲೇಯರ್ ಹಾಕಿ ನೋಡಿ. ಬಣ್ಣ ಹೋದಾಗ ಬೆಳಕಿನ ಹೊಂದಾಣಿಕೆ ಇದೆಯೋ ಇಲ್ಲವೋ ತಟ್ಟನೆ ಕಾಣುತ್ತದೆ. ಆಮೇಲೆ ಚಿತ್ರವನ್ನು ಎಡಬಲ ತಿರುಗಿಸಿ. ಕಣ್ಣು ಅರ್ಧ ಮುಚ್ಚಿ ನೋಡಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ನನಗೆ ಅತಿ ಹೆಚ್ಚು ತಪ್ಪು ಸಿಕ್ಕಿರುವುದು ಆ ಬೆಳಗಿನ ನೋಟದಲ್ಲೇ.

ಕೊನೆಯ ಹದದ ಬಗ್ಗೆ ಹೇಳುವಾಗ ನನಗೆ ಯಾವಾಗಲೂ ಹಳೇಬೀಡು ನೆನಪಾಗುತ್ತದೆ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಕೆಳಗಿನ ಪಟ್ಟಿಕೆಗಳಲ್ಲಿ ಮಕರಗಳ ಸಾಲಿದೆ, ನೋಡಿರುತ್ತೀರಿ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಬೇರೆ ಬೇರೆ ಪ್ರಾಣಿಗಳ ಅಂಗ ಸೇರಿಸಿ ಮಾಡಿದ ಪ್ರಾಣಿ ಅದು. ಆದರೆ ಅಲ್ಲಿ ನಿಂತು ನೋಡುವಾಗ ಜೋಡಣೆ ಕಾಣುವುದಿಲ್ಲ, ಒಂದು ಜೀವ ಕಾಣುತ್ತದೆ. ಯಾಕೆಂದರೆ ಎಲ್ಲವೂ ಒಂದೇ ಬಳಪದ ಕಲ್ಲು. ಒಂದೇ ಉಳಿಯ ಗುರುತು. ಸೊಂಡಿಲಿನ ಬಳುಕು, ಬಾಲದ ಬಳುಕು ಒಂದೇ ಕೈಯದ್ದು. ನಮ್ಮ ಚಿತ್ರದಲ್ಲಿ ಆ ಕಲ್ಲಿನ ಕೆಲಸ ಮಾಡುವುದು ನಾಯ್ಸ್, ಅಂದರೆ ಫೋಟೊದ ಮೇಲಿನ ಸಣ್ಣ ಮರಳು. ನಿಮ್ಮ ಮೋಡ ಕ್ಯಾಮೆರಾದಲ್ಲಿ ತೆಗೆದದ್ದು, ಮರಳು ಮರಳಾಗಿದೆ. ಅಜ್ಜನ ಫೋಟೊ ಫೋನಿನದು, ಫೋನೇ ನುಣ್ಣಗೆ ಉಜ್ಜಿಬಿಟ್ಟಿದೆ. ಎಲ್ಲ ಭಾಗಗಳ ಮರಳನ್ನು ಮೊದಲು ಕಡಿಮೆ ಮಾಡಿ. ಆಮೇಲೆ ಇಡೀ ಚಿತ್ರದ ಮೇಲೆ ಒಂದೇ ಲೇಯರಿನಲ್ಲಿ ಹೊಸ ಮರಳು ಹಾಕಿ, ತೀರಾ ಸ್ವಲ್ಪ. ಆಕಾಶದಲ್ಲಿ ಬರುವ ಪಟ್ಟಿಪಟ್ಟಿ ಗೆರೆಗಳೂ ಇದರಿಂದ ಹೋಗುತ್ತವೆ. 8 ಬಿಟ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ನಯವಾದ ಆಕಾಶಕ್ಕೆ ಅಷ್ಟು ಸಾಲುವುದಿಲ್ಲ. ಸಾಧ್ಯವಾದರೆ 16 ಬಿಟ್‌ನಲ್ಲಿ ಕೆಲಸ ಮಾಡಿ. ಮತ್ತೆ ಮತ್ತೆ ಜೆಪೆಗ್ ಆಗಿ ಸೇವ್ ಮಾಡಬೇಡಿ, ಪ್ರತಿ ಸಲವೂ ಸ್ವಲ್ಪ ಹಾಳಾಗುತ್ತದೆ.

ಕೋರ್ಸ್ ಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ಒಂದು ಅಭ್ಯಾಸ ಮಾಡಿ. ಫೋನನ್ನು ಅಲುಗಾಡದ ಹಾಗೆ ಗಟ್ಟಿಯಾಗಿ ನಿಲ್ಲಿಸಿ. ಗೆಳೆಯನನ್ನು ಸ್ಟೂಲಿನ ಮೇಲೆ ಮಲಗಿಸಿ ಒಂದು ಫೋಟೊ, ಸ್ಟೂಲು ಗೆಳೆಯ ಇಬ್ಬರೂ ಇಲ್ಲದೆ ಇನ್ನೊಂದು. ಎರಡನ್ನೂ ಲೇಯರ್ ಮಾಡಿ, ಮಾಸ್ಕ್‌ನಲ್ಲಿ ಸ್ಟೂಲ್ ಮರೆ ಮಾಡಿ. ಗೆಳೆಯ ಗಾಳಿಯಲ್ಲಿ ತೇಲುತ್ತಾನೆ. ಬೆಳಕು, ಎತ್ತರ, ಮರಳು ಎಲ್ಲ ಒಂದೇ ಆದ್ದರಿಂದ ಮೊದಲ ದಿನವೇ ನಂಬುವ ಹಾಗಿರುತ್ತದೆ. ಸ್ಟೂಲಿನ ನೆರಳನ್ನು ಮಾತ್ರ ಮರೆಯಬೇಡಿ. ಇಂಥ ಹತ್ತು ಚಿತ್ರ ಮಾಡಿದ ಮೇಲೆ ಬೇರೆ ಬೇರೆ ಕಡೆ ತೆಗೆದ ಎರಡು ಫೋಟೊ ಸೇರಿಸಿ. ಮೂರರ ಯೋಚನೆ ಆಮೇಲೆ. ಕೈ ಚುರುಕಾಗಬೇಕು ಅಂದರೆ ನಿಮ್ಮೂರಿನ ಮದುವೆ ಆಲ್ಬಮ್ ಡಿಸೈನ್ ಮಾಡುವವರನ್ನೋ ಫ್ಲೆಕ್ಸ್ ಅಂಗಡಿಯವರನ್ನೋ ಕೇಳಿಕೊಂಡು ಒಂದು ವಾರ ಪಕ್ಕದಲ್ಲಿ ಕೂತ್ಕೊಳ್ಳಿ. ದಿನಕ್ಕೆ ಹತ್ತಾರು ಮುಖ ಕತ್ತರಿಸುವ ಕೈ ಅದು. ಅಂಚು ಗುರುತಿಸಿ ಕತ್ತರಿಸುವ ಪೆನ್ ಟೂಲ್ ಅವರಿಗೆ ಬಂದ ಹಾಗೆ ಕಲಿಸುವವರಿಗೂ ಬರುವುದಿಲ್ಲ.

ಎಐ ವಿಷಯ. ಫೋಟೊಶಾಪಿಗೇ 2023ರಲ್ಲಿ ಜನರೇಟಿವ್ ಫಿಲ್ ಬಂತು, ಅಂದರೆ ಆರಿಸಿದ ಜಾಗವನ್ನು ಎಐ ತುಂಬಿಕೊಡುವ ಸೌಲಭ್ಯ. ಚಿತ್ರದ ಅಂಚು ಸಾಲದಿದ್ದರೆ ಹಿಗ್ಗಿಸೋಕೆ, ಕರೆಂಟ್ ತಂತಿ ತೆಗೆಯೋಕೆ ನಾನೂ ಬಳಸುತ್ತೇನೆ. ಅದರಲ್ಲಿ ನನಗೆ ಸಂಕೋಚವಿಲ್ಲ. ಆದರೆ ಅದು ಕೊಟ್ಟ ಮೋಡಕ್ಕೆ ಬೆಳಕು ಯಾವ ಕಡೆಯಿಂದ ಬಿದ್ದಿದೆ ಅಂತ ನೋಡೋಕೆ ನಿಮಗೆ ಬರದಿದ್ದರೆ, ಅದು ಸರಿಯೋ ತಪ್ಪೋ ಅಂತ ಆರಿಸೋಕೂ ಬರುವುದಿಲ್ಲ. ಮತ್ತೊಂದು, ಅದಕ್ಕೆ ನಿಮ್ಮ ಅಜ್ಜ ಗೊತ್ತಿಲ್ಲ. ಮುದುಕನೊಬ್ಬ ಹರಿಗೋಲು ನಡೆಸುವ ಚಿತ್ರ ಕೊಡುತ್ತದೆ. ಅಜ್ಜನ ಮುಖವನ್ನು ಅದರ ಕೈಗೆ ಕೊಡಬೇಡಿ. ಸುಕ್ಕು ನಯ ಮಾಡಿ, ಹಲ್ಲು ಕೂರಿಸಿ, ಬೇರೆ ಯಾರನ್ನೋ ಮಾಡಿಬಿಡುತ್ತದೆ.

ಜೋಡಿಸುವುದು ಮೋಸವಾ ಅನ್ನುವ ಅಳುಕು ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಸ್ಕರ್ ರೈಲಾಂಡರ್ ಅನ್ನುವ ಫೋಟೊಗ್ರಾಫರ್ 1857ರಲ್ಲೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ದೊಡ್ಡ ಚಿತ್ರ ಮುದ್ರಿಸಿದ್ದ. ಅಮೆರಿಕದ ಫೋಟೊಗ್ರಾಫರ್ ಜೆರ್ರಿ ಯೂಲ್ಸ್‌ಮನ್ ಕತ್ತಲ ಕೋಣೆಯಲ್ಲಿ, ನೆಗೆಟಿವ್ ಅನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಹಲವು ಎನ್‌ಲಾರ್ಜರ್‌ಗಳನ್ನು ಸಾಲಾಗಿಟ್ಟು, ಒಂದೇ ಕಾಗದವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತಾ ತೇಲುವ ಮರಗಳನ್ನು ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಅವರು ಅದನ್ನು ಬಿಡಲಿಲ್ಲ. ರಾಜಸ್ಥಾನದ ನಾಥದ್ವಾರದಲ್ಲಿ ಯಾತ್ರಿಕರ ಫೋಟೊದ ಮುಖ ಕತ್ತರಿಸಿ, ಶ್ರೀನಾಥಜಿಯ ಪೂಜೆಯ ಚಿತ್ರದಲ್ಲಿ ಅವರೇ ನಿಂತಿರುವ ಹಾಗೆ ಅಂಟಿಸಿ ಬಣ್ಣ ತುಂಬುತ್ತಿದ್ದರು. ದೂರದ ಊರಿನ ಭಕ್ತರಿಗೆ ಅದು ಜೀವಮಾನದ ಚಿತ್ರ. ಮೋಸ ಆಗುವುದು ನಡೆದ ಘಟನೆ ಅಂತ ತೋರಿಸಿದಾಗ. ನ್ಯಾಷನಲ್ ಜಿಯಾಗ್ರಫಿಕ್ 1982ರ ಫೆಬ್ರವರಿ ಮುಖಪುಟಕ್ಕೆ ಗೀಜಾದ ಪಿರಮಿಡ್ಡುಗಳನ್ನು ಹತ್ತಿರಕ್ಕೆ ಸರಿಸಿತ್ತು. ಅದರ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ. ನಿಮ್ಮ ಚಿತ್ರದ ಕೆಳಗೆ ‘ಜೋಡಿಸಿದ ಚಿತ್ರ’ ಅಂತ ಎರಡು ಪದ ಬರೆದರೆ ಸಾಕು. ಸಲೊನ್, ಅಂದರೆ ಫೋಟೊ ಪ್ರದರ್ಶನದ ಸ್ಪರ್ಧೆಗಳಿಗೆ ಕಳಿಸುವ ಆಸೆ ಇದ್ದರೆ ಪ್ರತಿ ಭಾಗವೂ ನೀವೇ ತೆಗೆದ ಫೋಟೊ ಆಗಿರಲಿ, ಮೂಲ ಫೈಲುಗಳನ್ನು ಜೋಪಾನವಾಗಿಡಿ. ಕೇಳಿದರೆ ತೋರಿಸಬೇಕಾಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ಈಗಿನ ಚಿತ್ರದಲ್ಲಿ ಅಜ್ಜ ಕುರ್ಚಿ ಮೇಲೆ ಕೂತ ಹಾಗೆ ಕೈ ತೊಡೆ ಮೇಲಿಟ್ಟು ಕೂತಿದ್ದಾರೆ. ಹರಿಗೋಲು ನಡೆಸುವವರು ಹಾಗೆ ಕೂರುವುದಿಲ್ಲ. ಕಂಪ್ಯೂಟರ್ ಮುಚ್ಚಿಟ್ಟು ಅವರ ಹತ್ತಿರ ಹೋಗಿ ಕೇಳಿ. ಹುಟ್ಟು ಯಾವ ಕೈಯಲ್ಲಿ ಮೇಲೆ, ಯಾವ ಕೈಯಲ್ಲಿ ಕೆಳಗೆ ಹಿಡಿಯುತ್ತಿದ್ದರು? ಸುಳಿ ಇದ್ದ ಕಡೆ ಮೈ ಹೇಗೆ ಬಾಗಿಸುತ್ತಿದ್ದರು? ಜನ ತುಂಬಿದ್ದಾಗ ಎಲ್ಲಿ ಕೂರುತ್ತಿದ್ದರು? ಅವರು ಹೇಳುವಾಗ ಒಂದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಳ್ಳಿ. ಚಿತ್ರ ಬರೆಯೋಕೆ ಬರಬೇಕಾಗಿಲ್ಲ, ಗೆರೆ ಮನುಷ್ಯ ಸಾಕು. ಬಿದಿರಿನ ಕೋಲೊಂದನ್ನು ಅವರ ಕೈಗೆ ಕೊಟ್ಟರೆ ಮಾತಿಗಿಂತ ಜಾಸ್ತಿ ಕೈಯೇ ಹೇಳುತ್ತದೆ. ಆ ಕೈಗಳ ಫೋಟೊ ಹತ್ತಿರದಿಂದ ಬೇರೆ ತೆಗೆದಿಡಿ, ಅದೇ ಎಡದ ಬೆಳಕಿನಲ್ಲಿ. ಬಿಸಿಲು ಏರಿದರೆ ಅವರಿಗೂ ಕಷ್ಟ, ನೆರಳೂ ಬದಲಾಗುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಕೂರಿಸಬೇಡಿ.